ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟುತ್ತದೆ, ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಸೇರಲಾ?

ಅರಕಲಗೂಡಿನವ | ಶುಕ್ರವಾರ, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮ್ನೆ ಓದಿಕೊಂಡು ಹೋಗುವವನು ನಾನು, ಬರೆಯುತ್ತಿರುವುದು ಇದೇ ಮೊದಲು. ಉದ್ದ ಆದರೆ ಬೈಯಬೇಡಿ.

ಹೋದ ವರ್ಷ ವಿಟಿಯುನಲ್ಲಿ ಕಂಪ್ಯೂಟರ್ ಸೈನ್ಸ್ ಮುಗಿಸಿದೆ. ಎಸ್ಸೆಸ್ಸೆಲ್ಸಿವರೆಗೆ ಪೂರ್ತಿ ಕನ್ನಡ ಮೀಡಿಯಂ. ಮಾರ್ಕ್ಸ್ ಪರವಾಗಿಲ್ಲ, ಎಲ್ಲದರಲ್ಲೂ 60 ಪರ್ಸೆಂಟ್ ಮೇಲಿದೆ. ಹತ್ತು ತಿಂಗಳಿಂದ ಬೆಂಗಳೂರಿನ ವಿಜಯನಗರದಲ್ಲಿ ಪಿಜಿ ವಾಸ. ಇದುವರೆಗೆ ಏಳು ಇಂಟರ್‌ವ್ಯೂ ಆಗಿದೆ. ಆಪ್ಟಿಟ್ಯೂಡ್ ಟೆಸ್ಟ್ ದಾಟುತ್ತೇನೆ. ಎದುರು ಕೂತು ಮಾತಾಡಬೇಕು ಅಂದಕೂಡಲೇ ಬಾಯಿ ಕಟ್ಟುತ್ತದೆ.

ಮೊನ್ನೆ ಏನಾಯಿತು ಕೇಳಿ. 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಅಂದರು. ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನಡುವೆ ಒಂದು ಸಾಲು ಮರೆತು, ಮತ್ತೆ ಮೊದಲಿಂದ ಶುರು ಮಾಡಿದೆ. ಆಮೇಲೆ ಪ್ರಾಜೆಕ್ಟ್ ಕೇಳಿದರು. ಎಲೆಯ ಫೋಟೋ ನೋಡಿ ಗಿಡಕ್ಕೆ ಯಾವ ರೋಗ ಅಂತ ಹೇಳುವ ಪ್ರಾಜೆಕ್ಟ್ ನಮ್ಮದು. ಅಕ್ಯುರಸಿ 98 ಪರ್ಸೆಂಟ್ ಅಂದೆ. 'ಹೇಗೆ ಟೆಸ್ಟ್ ಮಾಡಿದಿರಿ?' ಅಂದರು. ಅಲ್ಲಿಗೆ ನನ್ನ ಇಂಗ್ಲಿಷ್ ಮುಗಿಯಿತು. ಆತ ಲ್ಯಾಪ್‌ಟಾಪ್ ಮುಚ್ಚಿ 'ತಿಳಿಸುತ್ತೇವೆ' ಅಂದರು. ಒಟ್ಟು ಹನ್ನೊಂದು ನಿಮಿಷ. ಅದರಲ್ಲಿ ಎರಡು ನಿಮಿಷ ನೀರು ಕುಡಿದೆ.

ಈ ಗುರುವಾರ ಬಿಟ್ಟು ಮುಂದಿನ ಗುರುವಾರ ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಇನ್ನೊಂದು ಇದೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿನವರು 12 ಸಾವಿರ ಕೇಳುತ್ತಿದ್ದಾರೆ. ಸೇರಲಾ? ಹದಿಮೂರು ದಿನದಲ್ಲಿ ಏನಾದರೂ ಆಗುತ್ತಾ?

ಬೈಟು ಕಾಫಿ | ಶುಕ್ರವಾರ, ರಾತ್ರಿ 10:51

ಮೊದಲು ಆ 12 ಸಾವಿರ ಜೇಬಿನಲ್ಲೇ ಇರಲಿ.

ಪೇಡಾ ಪ್ರಿಯ | ಶುಕ್ರವಾರ, ರಾತ್ರಿ 11:05

ಅಲ್ರೀ, ಹದಿಮೂರು ದಿನದಾಗ ಇಂಗ್ಲಿಷ್ ಬರಂಗಿದ್ದರ ನಾ ಇಷ್ಟೊತ್ತಿಗೆ ಲಂಡನ್‌ನಾಗ ಇರ್ತಿದ್ದೆ. ತಮ್ಮಾ, ಕ್ಲಾಸ್ ಬ್ಯಾಡ. ದಿನಾ ಒಂದು ತಾಸು ಮೊಬೈಲ್ ರೆಕಾರ್ಡ್‌ಗೆ ಹಾಕಿ ಒಬ್ಬನೇ ಮಾತಾಡು. ಆಮೇಲೆ ಕೇಳು. ಮೊದಲನೇ ದಿನ ನಿನಗೇ ನಾಚಿಕಿ ಬರ್ತದ, ನಾಲ್ಕನೇ ದಿನ ಸರಿ ಆಗ್ತದ. ನಾ ಹಂಗೇ ಕಲಿತದ್ದು. ರೂಮ್‌ಮೇಟ್ ಮಾತ್ರ ತಲಿ ಕೆಟ್ಟೈತಿ ಅಂದ್ಕೊಂಡಿದ್ದ.

ಮಂಗಳೂರು ಬನ್ಸ್ | ಶುಕ್ರವಾರ, ರಾತ್ರಿ 11:20

ಬಾಯಿಪಾಠ ಮಾಡಿದ್ದೇ ತಪ್ಪಾಗಿದ್ದು. ಬಾಯಿಪಾಠ ಅಂದರೆ ಮಗ್ಗಿ ಇದ್ದ ಹಾಗೆ, ನಡುವೆ ತಪ್ಪಿದರೆ ಮತ್ತೆ ಒಂದರಿಂದಲೇ ಹೇಳಬೇಕು. ಮೂರೇ ಮೂರು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ: ಏನು ಓದಿದೆ, ಏನು ಮಾಡಿದೆ, ಈ ಕೆಲಸ ಯಾಕೆ ಬೇಕು. ವಾಕ್ಯ ಅಲ್ಲಿ ಕೂತಾಗ ಹುಟ್ಟಲಿ. ಒಂದೂವರೆ ನಿಮಿಷಕ್ಕೆ ನಿಲ್ಲಿಸಿ.

ಇನ್ನೊಂದು, 'ನನ್ನ ತಂದೆ ಕೃಷಿಕರು, ತಾಯಿ ಗೃಹಿಣಿ, ನನ್ನ ಹವ್ಯಾಸ ಹಾಡು ಕೇಳುವುದು' ಅಂತ ಮಾತ್ರ ಶುರು ಮಾಡಬೇಡಿ. ಎಲ್ಲರೂ ಅದನ್ನೇ ಹೇಳುತ್ತಾರೆ.

ಕೊಳೆರೋಗ ಸಂತ್ರಸ್ತ | ಶುಕ್ರವಾರ, ರಾತ್ರಿ 11:34

@ಮಂಗಳೂರು ಬನ್ಸ್ ನಾನು ಒಪ್ಪಲ್ಲ. ನನಗೆ ಕೆಲಸ ಸಿಕ್ಕಿದ್ದೇ 'ಅಪ್ಪ ಕೃಷಿಕರು' ಅಂದದ್ದಕ್ಕೆ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಇಂಟರ್‌ವ್ಯೂ ಮಾಡುವವರು ಸುಮ್ನೆ 'ತೋಟದಲ್ಲಿ ನೀವೇನು ಕೆಲಸ ಮಾಡುತ್ತೀರಿ' ಅಂತ ಕೇಳಿದರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯಲು ಬೋರ್ಡೋ ಮಿಶ್ರಣ ಮಾಡಿಕೊಡುತ್ತೇನೆ ಅಂದೆ. ಅದು ಏನು ಅಂದರು. ಒಂದು ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಬೇಕು, ಆಮೇಲೆ ಕೂಡಿಸಬೇಕು, ಕಬ್ಬಿಣದ ಪಾತ್ರೆ ಮುಟ್ಟಿಸಬಾರದು. ಸರಿಯಾಗಿದೆಯಾ ಅಂತ ನೋಡಲು ಚಾಕು ಅದ್ದಿ ನೋಡುತ್ತೇವೆ, ಅಲಗಿಗೆ ತಾಮ್ರದ ಬಣ್ಣ ಬಂದರೆ ಸುಣ್ಣ ಸಾಲದು ಅಂತ ಅರ್ಥ. ಇದನ್ನೆಲ್ಲ ಹರಕು ಮುರುಕು ಇಂಗ್ಲಿಷ್‌ನಲ್ಲಿ ಐದು ನಿಮಿಷ ಹೇಳಿದೆ. ಒಂದು ಸಲವೂ ತಡವರಿಸಲಿಲ್ಲ. ಕೆಲಸ ಇದ್ದದ್ದು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ! ಆ ಚಾಕುವಿನ ಮಾತು ಕೇಳಿ 'ನಿಮಗೆ ಟೆಸ್ಟಿಂಗ್ ಬರುತ್ತೆ' ಅಂದರು.

ಮಂಗಳೂರು ಬನ್ಸ್ | ಶುಕ್ರವಾರ, ರಾತ್ರಿ 11:37

ನೀವು 'ಅಪ್ಪ ಕೃಷಿಕರು' ಅಂದು ನಿಲ್ಲಿಸಲಿಲ್ಲ ಮಾರಾಯ್ರೆ, ಕೆಲಸ ಹೇಳಿದ್ರಿ. ಅದೇ ವ್ಯತ್ಯಾಸ.

ಕೂತು ಕೇಳುವವ | ಶನಿವಾರ, ಬೆಳಗ್ಗೆ 7:15

ನಾನು ಮೇಜಿನ ಆ ಕಡೆಯವನು. ಹನ್ನೆರಡು ವರ್ಷದಿಂದ ಫ್ರೆಶರ್ಸ್ ಇಂಟರ್‌ವ್ಯೂ ಮಾಡುತ್ತಿದ್ದೇನೆ. ಲೆಕ್ಕ ಇಟ್ಟಿಲ್ಲ, ಆದರೆ ಕೆಲವು ವಿಷಯ ಪದೇ ಪದೇ ಕಂಡಿದೆ.

ಒಂದು, ನಿಮ್ಮ ರೆಸ್ಯೂಮೆಯನ್ನು ನಾವು ಹಿಂದಿನ ರಾತ್ರಿ ಕೂತು ಓದಿರುತ್ತೇವೆ ಅಂದುಕೊಳ್ಳಬೇಡಿ. ನೀವು ಒಳಗೆ ಬರುವ ಎರಡು ನಿಮಿಷ ಮುಂಚೆ ಕಣ್ಣಾಡಿಸುತ್ತೇವೆ. ಎದ್ದು ಕಂಡದ್ದನ್ನು ಕೇಳುತ್ತೇವೆ. ಹಾಗಾಗಿ ರೆಸ್ಯೂಮೆಯ ಒಂದೊಂದು ಸಾಲೂ ನೀವೇ ನಮ್ಮ ಕೈಗೆ ಕೊಟ್ಟ ಪ್ರಶ್ನೆ. 'ಪೈಥಾನ್ ಎಕ್ಸ್‌ಪರ್ಟ್' ಅಂತ ಬರೆದವನಿಗೆ ಲಿಸ್ಟ್‌ಗೂ ಟಪಲ್‌ಗೂ ಏನು ವ್ಯತ್ಯಾಸ ಅಂದೆ. ಲಿಸ್ಟನ್ನು ಆಮೇಲೆ ಬದಲಿಸಬಹುದು, ಟಪಲ್ ಅನ್ನು ಬದಲಿಸಲಾಗದು, ಅಷ್ಟೇ ಉತ್ತರ. ಅವನಿಗೆ ಬರಲಿಲ್ಲ. 'ಪೈಥಾನ್ ಕಲಿಯುತ್ತಿದ್ದೇನೆ' ಅಂತ ಬರೆದಿದ್ದರೆ ಅದೇ ಹುಡುಗ ಪಾಸು.

ಎರಡು, 'ಗೊತ್ತಿಲ್ಲ' ಅನ್ನುವುದು ತಪ್ಪಲ್ಲ. ಆದರೆ 'ಗೊತ್ತಿಲ್ಲ' ಅಂದು ಬಾಯಿ ಮುಚ್ಚಿಕೊಂಡರೆ ನನಗೆ ಹಿಡಿಯಲು ಏನೂ ಸಿಗಲ್ಲ. 'ಇದನ್ನು ಬಳಸಿಲ್ಲ, ಆದರೆ ಹೀಗಿರಬಹುದು, ಯಾಕಂದರೆ...' ಅನ್ನಿ. ತಪ್ಪಾದರೂ ಪರವಾಗಿಲ್ಲ. ನಿಮ್ಮ ತಲೆ ಹೇಗೆ ಓಡುತ್ತೆ ಅಂತ ನೋಡಲು ತಾನೇ ನಾವು ಕೂತಿರುವುದು.

ಮೂರನೆಯದು ನೇರವಾಗಿ ಅರಕಲಗೂಡಿನವರಿಗೆ. ಕೋಪ ಮಾಡಿಕೊಳ್ಳಬೇಡಿ. ನಿಮ್ಮ ಪೋಸ್ಟ್ ಎರಡು ಸಲ ಓದಿದೆ. 'ಹೇಗೆ ಟೆಸ್ಟ್ ಮಾಡಿದಿರಿ' ಅನ್ನುವುದನ್ನು ಅವರು ಕನ್ನಡದಲ್ಲೇ ಕೇಳಿದ್ದರೆ ಉತ್ತರ ಹೇಳುತ್ತಿದ್ದಿರಾ? ಪ್ರಾಜೆಕ್ಟ್ ನೀವೇ ಮಾಡಿದ್ದಾ?

ಬೈಟು ಕಾಫಿ | ಶನಿವಾರ, ಬೆಳಗ್ಗೆ 8:02

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ.

ಅರಕಲಗೂಡಿನವ | ಶನಿವಾರ, ಮಧ್ಯಾಹ್ನ 1:30

ಇದನ್ನು ಬರೆಯಲೋ ಬೇಡವೋ ಅಂತ ಬೆಳಗ್ಗೆಯಿಂದ ಯೋಚಿಸಿದೆ. ಇಲ್ಲ ಸರ್, ನಾವು ಮಾಡಿದ್ದಲ್ಲ. ನಾಲ್ಕು ಜನ ಸೇರಿ ದುಡ್ಡು ಹಾಕಿ ಪ್ರಾಜೆಕ್ಟ್ ಸೆಂಟರ್‌ನಿಂದ ತಂದೆವು. ರಿಪೋರ್ಟ್ ಮಾತ್ರ ನಾನು ಬರೆದದ್ದು. ಬೈಂಡಿಂಗ್ ಕೂಡ ನಾನೇ ಮಾಡಿಸಿದ್ದು.

ಪೇಡಾ ಪ್ರಿಯ | ಶನಿವಾರ, ಮಧ್ಯಾಹ್ನ 1:41

ಬೈಂಡಿಂಗ್ ಬಗ್ಗೆ ಕೇಳಿದ್ದರ ಛಲೋ ಆಗ್ತಿತ್ತು.

ಪಿಜಿ ಅನ್ನ ಸಾರು | ಶನಿವಾರ, ಮಧ್ಯಾಹ್ನ 2:10

ನಗಬೇಡ್ರಪ್ಪಾ. ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಜನ ತಂದದ್ದು ಹಾಗೆಯೇ. ಗೈಡ್‌ಗೆ ಗೊತ್ತು, ಕಾಲೇಜಿಗೆ ಗೊತ್ತು. ಸಿಕ್ಕಿಬೀಳುವವರು ಮಾತ್ರ ನಾವು.

ಬ್ರೋ, ನನ್ನ ಸಲಹೆ ಬೇರೆ. ಫ್ರೆಶರ್ ಅಂತ ಹೋದರೆ ಹೀಗೇ ಕೇಳುತ್ತಾರೆ. ಎರಡು ವರ್ಷ ಎಕ್ಸ್‌ಪೀರಿಯನ್ಸ್ ಹಾಕಿಕೊಳ್ಳಿ. ಲೆಟರ್, ಪೇಸ್ಲಿಪ್ ಎಲ್ಲ ಮಾಡಿಕೊಡುವವರು ಇದ್ದಾರೆ. ನನ್ನ ಫ್ರೆಂಡ್ ಹಾಗೆ ಸೇರಿ ಈಗ ಆರಾಮಾಗಿದ್ದಾನೆ.

ಎಚ್ಆರ್ ಅಕ್ಕ | ಶನಿವಾರ, ಮಧ್ಯಾಹ್ನ 2:25

ದಯವಿಟ್ಟು ಬೇಡ. ಹುಡುಗರು ಹೀಗೆ ಹಾಳಾಗುವುದನ್ನು ಕಣ್ಣಾರೆ ನೋಡುತ್ತೇನೆ. ಈಗ ಬ್ಯಾಕ್‌ಗ್ರೌಂಡ್ ಚೆಕ್ ಅಂದರೆ ಹಳೇ ಕಂಪನಿಗೆ ಫೋನ್ ಮಾಡುವುದಷ್ಟೇ ಅಲ್ಲ. ಪಿಎಫ್‌ನ ಯುಎಎನ್ ನಂಬರ್ ಇದೆಯಲ್ಲ, ಅದರಲ್ಲಿ ಎಲ್ಲಿ ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಲ್ಲ ಬರುತ್ತದೆ. ಎರಡು ವರ್ಷ ಕೆಲಸ ಮಾಡಿದ್ದೇನೆ ಅಂತೀರಿ, ಒಂದು ತಿಂಗಳೂ ಪಿಎಫ್ ಕಟ್ಟಿಲ್ಲ ಅಂದರೆ ಯಾರು ನಂಬುತ್ತಾರೆ? ಸೇರಿ ನಾಲ್ಕು ತಿಂಗಳಾದ ಮೇಲೆ ಸಿಕ್ಕಿಬಿದ್ದು ಅದೇ ದಿನ ಬ್ಯಾಗ್ ತೆಗೆದುಕೊಂಡು ಹೋದವರನ್ನು ನೋಡಿದ್ದೇನೆ. ಆಮೇಲೆ ಆ ನಾಲ್ಕು ತಿಂಗಳನ್ನೂ ರೆಸ್ಯೂಮೆಯಲ್ಲಿ ಹಾಕುವ ಹಾಗಿಲ್ಲ.

ಪಿಜಿ ಅನ್ನ ಸಾರು | ಶನಿವಾರ, ಮಧ್ಯಾಹ್ನ 2:31

ಎಲ್ಲ ಕಂಪನಿಯೂ ನೋಡಲ್ಲ ಅಕ್ಕ.

ಎಚ್ಆರ್ ಅಕ್ಕ | ಶನಿವಾರ, ಮಧ್ಯಾಹ್ನ 2:33

ನೋಡದ ಕಂಪನಿ ಯಾವುದು ಅಂತ ಮುಂಚೆಯೇ ಗೊತ್ತಾಗುತ್ತಾ? ಹಾಂ, ಇನ್ನೊಂದು. ಕೆಲಸ ಕೊಡುತ್ತೇವೆ, ನೋಂದಣಿಗೆ ಎರಡು ಸಾವಿರ ಕಟ್ಟಿ, ಲ್ಯಾಪ್‌ಟಾಪ್‌ಗೆ ಡೆಪಾಸಿಟ್ ಕಟ್ಟಿ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಕೆಲಸಕ್ಕೆ ತೆಗೆದುಕೊಳ್ಳುವವರು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳುವುದಲ್ಲ.

ಮೇನ್ಸ್ ಮೂರು ಸಲ | ಶನಿವಾರ, ಸಂಜೆ 4:50

ಇಂಗ್ಲಿಷ್ ವಿಷಯಕ್ಕೆ ಬರುತ್ತೇನೆ. ಯುಪಿಎಸ್‌ಸಿ ಸಿವಿಲ್ ಸರ್ವಿಸಸ್‌ನಲ್ಲಿ ಒಟ್ಟು 2025 ಅಂಕ, ಅದರಲ್ಲಿ ಇಂಟರ್‌ವ್ಯೂಗೆ 275. ಮೇನ್ಸ್ ಕನ್ನಡದಲ್ಲಿ ಬರೆದವರು ಇಂಟರ್‌ವ್ಯೂವನ್ನೂ ಕನ್ನಡದಲ್ಲೇ ಕೊಡಬಹುದು. ಪಕ್ಕದಲ್ಲಿ ಅನುವಾದಕರು ಕೂತಿರುತ್ತಾರೆ. ನನ್ನ ರೂಮ್‌ಮೇಟ್ ದೆಹಲಿಯ ಧೋಲ್ಪುರ್ ಹೌಸ್‌ನಲ್ಲಿ ಹಾಗೇ ಕೊಟ್ಟು ಬಂದ. ದೆಹಲಿಯಲ್ಲಿ ಕನ್ನಡ ನಡೆಯುತ್ತದೆ, ನಾಗವಾರದಲ್ಲಿ ನಡೆಯಲ್ಲ! ಇದಕ್ಕೆ ಏನನ್ನಬೇಕು?

ಅನಿವಾಸಿ ಅವಲಕ್ಕಿ | ಶನಿವಾರ, ಸಂಜೆ 5:12

ಏನೂ ಅನ್ನಬೇಕಿಲ್ಲ. ಕಂಪನಿಯ ಗಿರಾಕಿ ಅಮೆರಿಕದಲ್ಲಿರುತ್ತಾನೆ, ರಾತ್ರಿ ಕಾಲ್‌ನಲ್ಲಿ ಅವನ ಜೊತೆ ಮಾತಾಡಬೇಕು. ನಾನು ಜರ್ಮನಿಯಲ್ಲಿದ್ದೇನೆ. ಇಲ್ಲಿ ನನ್ನ ಇಂಗ್ಲಿಷೂ ಹರಕು, ಕೇಳುವವರದ್ದೂ ಹರಕು. ಯಾರಿಗೂ ತೊಂದರೆ ಇಲ್ಲ.

ಮೇನ್ಸ್ ಮೂರು ಸಲ | ಶನಿವಾರ, ಸಂಜೆ 5:20

ಟೆಸ್ಟಿಂಗ್ ಮಾಡುವ ಹುಡುಗ ಅಮೆರಿಕದವನ ಜೊತೆ ಎಷ್ಟು ಮಾತಾಡುತ್ತಾನೆ ಹೇಳಿ. ಕನ್ನಡಿಗರಿಗೆ ಕೆಲಸ ಕೊಡಿ ಅಂದ ಸರೋಜಿನಿ ಮಹಿಷಿ ವರದಿ ಬಂದು ಹತ್ತಿರ ಹತ್ತಿರ ನಾಲ್ಕು ದಶಕ ಆಯಿತು...

ವೇದಿಕೆ ನಿರ್ವಾಹಕ | ಶನಿವಾರ, ಸಂಜೆ 5:31

ಮಹಿಷಿ ವರದಿಗೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ಯುದ್ಧ ನಡೆಯುತ್ತಿದೆ. ಇಲ್ಲಿ ಹುಡುಗನ ಇಂಟರ್‌ವ್ಯೂ ಮಾತ್ರ.

ಕೌಂಟರ್ ನಂಬರ್ ಮೂರು | ಶನಿವಾರ, ಸಂಜೆ 6:40

ನಾನೂ ಬಿಇ ಓದಿ ಬ್ಯಾಂಕಿಗೆ ಬಂದವಳು. ಐಬಿಪಿಎಸ್ ಪಿಒ, ಅಂದರೆ ಬ್ಯಾಂಕ್ ಅಧಿಕಾರಿ ಹುದ್ದೆಯ ಪರೀಕ್ಷೆ ಬರೆದು. ಅಲ್ಲಿ ಇಂಟರ್‌ವ್ಯೂಗೆ 100 ಅಂಕ, ಕೊನೆಯ ಪಟ್ಟಿಗೆ ಮೇನ್ಸ್ 80, ಇಂಟರ್‌ವ್ಯೂ 20ರ ಲೆಕ್ಕ. ಐದು ಜನ ಎದುರಿಗೆ. ಮೊದಲ ಪ್ರಶ್ನೆಯೇ 'ಇಂಜಿನಿಯರಿಂಗ್ ಓದಿ ಬ್ಯಾಂಕಿಗೆ ಯಾಕೆ?'. ಕೋಚಿಂಗ್‌ನಲ್ಲಿ ಹೇಳಿಕೊಟ್ಟ ಉತ್ತರ ಒಪ್ಪಿಸಿದೆ. ಒಬ್ಬರು ಆಕಳಿಸಿದರು. ಸುಳ್ಳಲ್ಲ.

ಆಮೇಲೆ ಮೂಲೆಯಲ್ಲಿದ್ದ ಮೇಡಂ ಕಿಸಾನ್ ಕ್ರೆಡಿಟ್ ಕಾರ್ಡ್ ಬಡ್ಡಿ ಎಷ್ಟು ಅಂದರು. 7 ಪರ್ಸೆಂಟ್, ವಾಯಿದೆಯೊಳಗೆ ಕಟ್ಟಿದರೆ 3 ಪರ್ಸೆಂಟ್ ರಿಯಾಯಿತಿ, ಅಂದರೆ 4 ಬೀಳುತ್ತೆ ಅಂದೆ. ಹೇಗೆ ಗೊತ್ತು ಅಂದರು. ಒಂದು ವರ್ಷ ಅಪ್ಪ ಕಂತು ಕಟ್ಟುವುದು ತಡ ಆಗಿ ಆ ರಿಯಾಯಿತಿ ಹೋಯಿತು, ಮನೆಯಲ್ಲಿ ದೊಡ್ಡ ಜಗಳ ಆಯಿತು ಅಂದೆ. ಐದೂ ಜನ ನಕ್ಕರು. ಅಲ್ಲಿಂದ ಮುಂದೆ ಬರೀ ಮಾತುಕತೆ. ಎರಡು ಪ್ರಶ್ನೆಗೆ 'ಗೊತ್ತಿಲ್ಲ ಸರ್' ಅಂದೆ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಅರ್ಜಿ ಗುಜರಾಯಿಸುವವ | ಶನಿವಾರ, ಸಂಜೆ 7:05

ಇಂಟರ್‌ವ್ಯೂ ಅಂದರೆ ಅಷ್ಟು ಭಯ ಇದ್ದರೆ ಕೇಂದ್ರ ಸರ್ಕಾರದ ಗ್ರೂಪ್ ಸಿ ಬರೆಯಿರಿ. 2016ರ ಜನವರಿ 1ರಿಂದ ಅದಕ್ಕೆ ಇಂಟರ್‌ವ್ಯೂನೇ ಇಲ್ಲ. ಗೆಜೆಟೆಡ್ ಅಲ್ಲದ ಗ್ರೂಪ್ ಬಿಗೂ ಇಲ್ಲ. ಪರೀಕ್ಷೆ ಬರೆದು ಪಟ್ಟಿಯಲ್ಲಿ ಬಂದರೆ ಸೀದಾ ಕೆಲಸ.

ಬೈಟು ಕಾಫಿ | ಶನಿವಾರ, ಸಂಜೆ 7:08

ಸೀದಾ ಅಂದರೆ ಮೂರು ವರ್ಷ ಆದಮೇಲೆ.

ಕೂತು ಕೇಳುವವ | ಶನಿವಾರ, ರಾತ್ರಿ 9:30

@ಅರಕಲಗೂಡಿನವ ನಿಜ ಹೇಳಿದ್ದಕ್ಕೆ ಖುಷಿಯಾಯಿತು. ಈಗ ಕೆಲಸದ ಮಾತು. ನಿಮ್ಮ ಪ್ರಾಜೆಕ್ಟ್‌ನಲ್ಲಿ ಬಳಸಿದ್ದು ಪ್ಲಾಂಟ್‌ವಿಲೇಜ್ ಅನ್ನುವ ಸಂಗ್ರಹದ ಫೋಟೋಗಳೇ ಇರಬೇಕು. ಎಲೆ ರೋಗದ ಪ್ರಾಜೆಕ್ಟ್ ತರುವ ಪ್ರತಿಯೊಬ್ಬರೂ ಅದನ್ನೇ ತರುತ್ತಾರೆ. 54 ಸಾವಿರಕ್ಕೂ ಜಾಸ್ತಿ ಫೋಟೋ, 14 ಬೆಳೆ. ಅದರಲ್ಲಿ ಆಲೂಗಡ್ಡೆ ಇದೆ. ನೀವು ಅರಕಲಗೂಡಿನವರು. ನಿಮ್ಮ ಮನೆಯಲ್ಲಿ ಆಲೂಗಡ್ಡೆ ಬೆಳೆಯುತ್ತಾರಾ?

ಅರಕಲಗೂಡಿನವ | ಶನಿವಾರ, ರಾತ್ರಿ 9:34

ಹೌದು ಸರ್. ಎರಡು ಎಕರೆ ಹಾಕಿದ್ದಾರೆ. ಜಲಂಧರ್‌ನಿಂದ ಬಂದ ಬಿತ್ತನೆ ಬೀಜ, ಹಾಸನದ ಎಪಿಎಂಸಿಯಲ್ಲಿ ತಂದದ್ದು. ಈಗ ಮಳೆ ಹಿಡಿದಿದೆ, ಅಂಗಮಾರಿ ರೋಗ ಶುರುವಾಗಿದೆ ಅಂತ ಅಪ್ಪ ದಿನಾ ಫೋನ್‌ನಲ್ಲಿ ಹೇಳುತ್ತಾರೆ.

ಕೂತು ಕೇಳುವವ | ಶನಿವಾರ, ರಾತ್ರಿ 9:58

ನಾಳೆ ಬೆಳಗ್ಗೆ ಬಸ್ ಹತ್ತಿ. ತಮಾಷೆ ಅಲ್ಲ.

ಆ ಸಂಗ್ರಹದಲ್ಲಿ ಆಲೂಗಡ್ಡೆಯದ್ದು ಮೂರು ಗುಂಪು. ಮೊದಲು ಬರುವ ಅಂಗಮಾರಿ 1000 ಫೋಟೋ, ಕೊನೆ ಅಂಗಮಾರಿ 1000, ಆರೋಗ್ಯವಾದ ಎಲೆ ಬರೀ 152. ಎಲ್ಲವೂ ಒಂದೊಂದೇ ಎಲೆ ಕಿತ್ತು, ಹಿಂದೆ ಒಂದೇ ಬಣ್ಣದ ಹಾಳೆ ಇಟ್ಟು ತೆಗೆದದ್ದು. ಹೊಲದಲ್ಲಿ ಎಲೆ ಹಾಗೆ ಕಾಣುತ್ತದಾ? ಹಿಂದೆ ಮಣ್ಣು, ಕಳೆ, ನೆರಳು, ಹನಿ ಎಲ್ಲ ಇರುತ್ತದೆ. ನಿಮ್ಮ 98 ಪರ್ಸೆಂಟ್ ಬಂದದ್ದು ಆ ಹಾಳೆಯ ಮೇಲೆ.

ಮೂರೇ ಗುಂಪು ತೆಗೆದುಕೊಂಡು, ಫೋಟೋ ನೋಡಿ ರೋಗ ಗುರುತಿಸುವ ಚಿಕ್ಕ ಮಾಡೆಲ್ ಒಂದನ್ನು ನೀವೇ ಮಾಡಿ. ಲ್ಯಾಪ್‌ಟಾಪ್ ನಿಧಾನ ಇದ್ದರೆ ಗೂಗಲ್ ಕೊಲ್ಯಾಬ್ ಇದೆ, ಬ್ರೌಸರ್‌ನಲ್ಲೇ ಕೋಡ್ ಓಡಿಸಬಹುದು, ಉಚಿತ. ನಿಮ್ಮ ಹೊಲದ ಫೋಟೋ ಹಾಕಿ ನೋಡಿ. ಸೋಲುತ್ತದೆ. ಎಲ್ಲಿ ಸೋತಿತು, ಯಾಕೆ ಸೋತಿತು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದನ್ನು ಹಿಡಿದು ಹೋಗಿ.

ಕೊಳೆರೋಗ ಸಂತ್ರಸ್ತ | ಶನಿವಾರ, ರಾತ್ರಿ 10:15

ಕೊನೆ ಅಂಗಮಾರಿ ಅಂದರೆ ಫೈಟಾಪ್ತೊರಾ ಅನ್ನುವ ರೋಗಾಣು, ಅಲ್ವಾ? ನಮ್ಮ ಅಡಿಕೆಯ ಕೊಳೆರೋಗವೂ ಅದೇ ವಂಶ. 1845ರಲ್ಲಿ ಐರ್ಲೆಂಡ್‌ನಲ್ಲಿ ಕ್ಷಾಮ ತಂದದ್ದು ನಿಮ್ಮ ಆಲೂಗಡ್ಡೆಯ ರೋಗವೇ. ನೆಂಟರು ಸಿಕ್ಕಂತಾಯಿತು.

ಪೇಡಾ ಪ್ರಿಯ | ಶನಿವಾರ, ರಾತ್ರಿ 10:19

ಎಂಥಾ ನೆಂಟಸ್ತಿಕಿ ಮಾರಾಯಾ!

ಆರು ವರ್ಷದ ಗ್ಯಾಪ್ | ಭಾನುವಾರ, ಬೆಳಗ್ಗೆ 11:10

ನನ್ನ ಅನುಭವವೂ ಹೇಳಿಬಿಡುತ್ತೇನೆ. ಮಗಳು ಹುಟ್ಟಿದ ಮೇಲೆ ಆರು ವರ್ಷ ಮನೆಯಲ್ಲಿದ್ದೆ. ವಾಪಸ್ ಹೋದಾಗ ಪ್ರತಿ ಕಡೆಯೂ ಒಂದೇ ಪ್ರಶ್ನೆ, ಗ್ಯಾಪ್ ಯಾಕೆ? ಮೊದಲು ಕ್ಷಮೆ ಕೇಳುವವಳ ಹಾಗೆ ಹೇಳುತ್ತಿದ್ದೆ. ನಾಲ್ಕು ಕಡೆ ಬೇಡ ಅಂದರು. ಐದನೆಯದರಲ್ಲಿ 'ಮಗಳನ್ನು ಬೆಳೆಸಿದೆ. ಈಗ ಅವಳು ಸ್ಕೂಲಿಗೆ ಹೋಗುತ್ತಾಳೆ. ಆರು ತಿಂಗಳಿಂದ ಇದನ್ನು ಕಲಿತಿದ್ದೇನೆ, ಇದು ನಾನು ಮಾಡಿದ್ದು' ಅಂತ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. ಗ್ಯಾಪಿನ ಮಾತು ಹದಿನೈದು ಸೆಕೆಂಡ್‌ಗೆ ಮುಗಿಯಿತು.

ಒಬ್ಬರು ಮಾತ್ರ 'ಎರಡನೇ ಮಗು ಯಾವಾಗ?' ಅಂದರು. ಆ ಕಂಪನಿ ಹೆಸರು ಬೇಡ.

ಎಚ್ಆರ್ ಅಕ್ಕ | ಭಾನುವಾರ, ಬೆಳಗ್ಗೆ 11:22

ಆ ಪ್ರಶ್ನೆ ಕೇಳಿದವರ ಪರವಾಗಿ ನಾನು ನಾಚಿಕೊಳ್ಳುತ್ತೇನೆ. ಅದನ್ನು ಕೇಳಲೇಬಾರದು. ಹಾಗೆ ಕೇಳಿದರೆ 'ಕೆಲಸದ ಸಮಯದ ಬಗ್ಗೆ ಏನಾದರೂ ಅನುಮಾನ ಇದ್ದರೆ ಕೇಳಿ, ಹೇಳುತ್ತೇನೆ' ಅಂತ ತಿರುಗಿಸಿ.

ಆರು ವರ್ಷದ ಗ್ಯಾಪ್ | ಭಾನುವಾರ, ಬೆಳಗ್ಗೆ 11:25

ಆಗ ಹೊಳೆಯಲಿಲ್ಲ ಅಕ್ಕ. ಮನೆಗೆ ಬಂದು ಪಾತ್ರೆ ತೊಳೆಯುವಾಗ ಏಳೆಂಟು ಒಳ್ಳೆಯ ಉತ್ತರ ಹೊಳೆದವು.

ಪಿಜಿ ಅನ್ನ ಸಾರು | ಸೋಮವಾರ, ರಾತ್ರಿ 9:15

ಎಲ್ಲರೂ ಇಷ್ಟು ಕಷ್ಟಪಡುತ್ತೀರಿ. ಈಗ ಆನ್‌ಲೈನ್ ಇಂಟರ್‌ವ್ಯೂಗೆ ಪಕ್ಕದಲ್ಲಿ ಎಐ ಇಟ್ಟುಕೊಂಡರೆ ಮುಗಿಯಿತು, ಉತ್ತರ ಅದೇ ಬರೆದು ಕೊಡುತ್ತೆ.

ಕೂತು ಕೇಳುವವ | ಸೋಮವಾರ, ರಾತ್ರಿ 9:40

ಕಣ್ಣು ಎಡದಿಂದ ಬಲಕ್ಕೆ ಸಾಲು ಸಾಲಾಗಿ ಓಡುವುದು ನಮಗೂ ಕಾಣುತ್ತೆ ಸ್ವಾಮಿ. ಮೊದಲು ಐದು ಸೆಕೆಂಡ್ 'ಮ್‌ಮ್‌' ಅಂತೀರಿ, ಆಮೇಲೆ ಪುಸ್ತಕದ ಹಾಗೆ ಮೂರು ಅಂಶ ಬರುತ್ತೆ. ಆಗ ನಾನು 'ಸರಿ, ಈಗ ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಹೇಳಿ' ಅನ್ನುತ್ತೇನೆ. ಕಾಲ್ ಕಟ್ ಆಗುತ್ತೆ. ನೆಟ್‌ವರ್ಕ್ ಇರಲಿಲ್ಲವಂತೆ.

ಮಂಗಳೂರು ಬನ್ಸ್ | ಸೋಮವಾರ, ರಾತ್ರಿ 10:02

😂 ಕಣ್ಣು ಮುಚ್ಚಿಸುವುದು ಚೆನ್ನಾಗಿದೆ.

ಅದಿರಲಿ, ಪಜಲ್ ಈಗಲೂ ಕೇಳುತ್ತಾರಾ? ನನಗೆ ಒಂಬತ್ತು ಗುಂಡಿನದ್ದು ಕೇಳಿದ್ದರು. ನೋಡಲು ಎಲ್ಲ ಒಂದೇ ಥರ, ಒಂದು ಮಾತ್ರ ಭಾರ. ತಕ್ಕಡಿ ಇದೆ. ಕನಿಷ್ಠ ಎಷ್ಟು ಸಲ ತೂಗಬೇಕು?

ಅರ್ಜಿ ಗುಜರಾಯಿಸುವವ | ಸೋಮವಾರ, ರಾತ್ರಿ 10:09

ಮೂರು. ನಾಲ್ಕು ನಾಲ್ಕು ಇಡಿ, ಆಮೇಲೆ ಎರಡು ಎರಡು, ಆಮೇಲೆ ಒಂದೊಂದು.

ಕೌಂಟರ್ ನಂಬರ್ ಮೂರು | ಸೋಮವಾರ, ರಾತ್ರಿ 10:13

ಎರಡೇ ಸಾಕು. ಮೂರು ಮೂರು ಇಡಿ. ತಕ್ಕಡಿ ಸಮ ಇದ್ದರೆ ಹೊರಗಿನ ಮೂರರಲ್ಲಿದೆ, ಇಲ್ಲದಿದ್ದರೆ ಕೆಳಗೆ ಹೋದ ಮೂರರಲ್ಲಿದೆ. ಆ ಮೂರರಲ್ಲಿ ಒಂದೊಂದು ಇಟ್ಟು ನೋಡಿದರೆ ಆಯಿತು.

ಅರ್ಜಿ ಗುಜರಾಯಿಸುವವ | ಸೋಮವಾರ, ರಾತ್ರಿ 10:16

ಅದಕ್ಕೇ ನಾನು ಇಂಟರ್‌ವ್ಯೂ ಇಲ್ಲದ ಪರೀಕ್ಷೆ ಬರೆಯುವುದು.

ಅರಕಲಗೂಡಿನವ | ಬುಧವಾರ, ರಾತ್ರಿ 8:20

ಊರಿಂದ ಬರೆಯುತ್ತಿದ್ದೇನೆ. ಅರವತ್ತು ಫೋಟೋ ತೆಗೆದೆ. ಬೆಳಗ್ಗೆ ಆರಕ್ಕೆ ಹೋದರೆ ಎಲೆಯ ಕೆಳಗೆ ಬಿಳಿ ಬೂಷ್ಟು ಕಾಣುತ್ತೆ, ಬಿಸಿಲು ಬಂದ ಮೇಲೆ ಅದು ಅಷ್ಟಾಗಿ ಕಾಣಲ್ಲ ಅಂತ ಅಪ್ಪ ಹೇಳಿದರು. ಹಾಗಾಗಿ ಎರಡು ಹೊತ್ತೂ ತೆಗೆದೆ. ಯಾವುದು ರೋಗ, ಯಾವುದು ಬರೀ ಮಳೆಗೆ ಹಳದಿಯಾದದ್ದು ಅಂತ ಅಪ್ಪನೇ ಗುರುತು ಮಾಡಿಕೊಟ್ಟರು. ಕೊಲ್ಯಾಬ್‌ನಲ್ಲಿ ಮಾಡೆಲ್ ಓಡಿಸಲು ಎರಡು ರಾತ್ರಿ ಹೋಯಿತು, ಅದರಲ್ಲಿ ಒಂದು ರಾತ್ರಿ ಪೂರ್ತಿ ಕರೆಂಟ್ ಇರಲಿಲ್ಲ.

ಸರ್ ಹೇಳಿದ ಹಾಗೇ ಸೋತಿತು. ಅರವತ್ತರಲ್ಲಿ ಐವತ್ತೆರಡಕ್ಕೆ ಕೊನೆ ಅಂಗಮಾರಿ ಅಂತು. ಚೆನ್ನಾಗಿರುವ ಎಲೆಗೂ ಅದೇ. ಅಪ್ಪನ ಅಂಗೈ ಫೋಟೋ ಹಾಕಿದೆ, ಅದಕ್ಕೂ ಅಂಗಮಾರಿ, 94 ಪರ್ಸೆಂಟ್. ಅಪ್ಪ 'ಮ್ಯಾಂಕೋಜೆಬ್ ಔಷಧಿ ಹೊಡಿ ಹಾಗಾದ್ರೆ' ಅಂದರು.

ಪೇಡಾ ಪ್ರಿಯ | ಬುಧವಾರ, ರಾತ್ರಿ 8:31

ನಿಮ್ಮಪ್ಪನ್ನ ಇಂಟರ್‌ವ್ಯೂಗೆ ಕಳಸ್ರಿ.

ಕೂತು ಕೇಳುವವ | ಬುಧವಾರ, ರಾತ್ರಿ 9:05

ಆ ಅಂಗೈ ಫೋಟೋ ಬಿಡಬೇಡಿ. ಯಾಕೆ ಹಾಗೆ ಹೇಳಿತು ಅಂತ ಯೋಚಿಸಿ. ಮಾಡೆಲ್‌ಗೆ ಮೂರೇ ಉತ್ತರ ಗೊತ್ತು. 'ಇದು ಎಲೆಯೇ ಅಲ್ಲ' ಅನ್ನಲು ಅದಕ್ಕೆ ಯಾರೂ ಕಲಿಸಿಲ್ಲ.

ರೆಸ್ಯೂಮೆಯಲ್ಲಿ 98 ಪರ್ಸೆಂಟ್ ಅನ್ನುವುದನ್ನು ತೆಗೆದುಬಿಡಿ. ಕಾಲೇಜು ಪ್ರಾಜೆಕ್ಟ್ ಬಗ್ಗೆ ಕೇಳಿದರೆ ಸುಳ್ಳು ಬೇಡ. 'ಗುಂಪಿನಲ್ಲಿ ನಾನು ರಿಪೋರ್ಟ್ ಬರೆದೆ, ಮಾಡೆಲ್ ನಾನು ಮಾಡಿರಲಿಲ್ಲ, ಈಗ ಸ್ವಂತ ಮಾಡಿ ನೋಡಿದೆ' ಅನ್ನಿ.

ಬೈಟು ಕಾಫಿ | ಬುಧವಾರ, ರಾತ್ರಿ 9:11

ಇಷ್ಟು ನಿಜ ಹೇಳಿದರೆ ಹೊರಗೆ ಕಳಿಸಲ್ವಾ?

ಕೂತು ಕೇಳುವವ | ಬುಧವಾರ, ರಾತ್ರಿ 9:14

ಕೆಲವರು ಕಳಿಸುತ್ತಾರೆ. ನಾನು ಕಳಿಸಲ್ಲ.

ಎಚ್ಆರ್ ಅಕ್ಕ | ಭಾನುವಾರ, ಸಂಜೆ 5:40

ಗುರುವಾರ ಹತ್ತಿರ ಬಂತು, ಸಣ್ಣ ಪುಟ್ಟ ವಿಷಯ ಹೇಳಿಬಿಡುತ್ತೇನೆ. ಹೊಸ ಶೂ ಅವತ್ತೇ ಮೊದಲು ಹಾಕಬೇಡಿ, ಕಾಲು ಕಚ್ಚುತ್ತೆ. ಟೈ ಬೇಕಿಲ್ಲ. ಎರಡು ರೆಸ್ಯೂಮೆ, ಆಧಾರ್ ಇಟ್ಟುಕೊಳ್ಳಿ. ಸಂಬಳ ಎಷ್ಟು ಬೇಕು ಅಂದರೆ 'ನೀವು ಕೊಟ್ಟಷ್ಟು' ಅನ್ನಬೇಡಿ, ಈ ಕೆಲಸಕ್ಕೆ ನಿಮ್ಮಲ್ಲಿ ಎಷ್ಟು ಕೊಡುತ್ತೀರಿ ಅಂತ ಮೊದಲು ಕೇಳಿ. ಸಿಟಿಸಿ (ಕಂಪನಿಗೆ ನಿಮ್ಮ ಮೇಲೆ ಆಗುವ ಒಟ್ಟು ಖರ್ಚು) ಬೇರೆ, ಕೈಗೆ ಬರುವುದು ಬೇರೆ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಲ್ಲ ಸಿಟಿಸಿಯಲ್ಲೇ ಸೇರಿಸಿರುತ್ತಾರೆ. ಇಷ್ಟು ಕಾಲ ಕೆಲಸ ಬಿಡಬಾರದು ಅನ್ನುವ ಬಾಂಡ್ ಇದೆಯಾ ಅಂತ ಕೇಳಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಮ್ಮ ಹತ್ತಿರ ಇಡಿ ಅಂದರೆ ಒಪ್ಪಬೇಡಿ.

ಕೊನೆಯಲ್ಲಿ 'ಏನಾದರೂ ಕೇಳಬೇಕಾ' ಅನ್ನುತ್ತಾರೆ. 'ಇಲ್ಲ ಸರ್' ಅಂದು ಎದ್ದು ಬರಬೇಡಿ.

ಅರಕಲಗೂಡಿನವ | ಗುರುವಾರ, ಸಂಜೆ 6:50

ಬಂದೆ. ಇನ್ನೂ ಕಾಲು ನಡುಗುತ್ತಿದೆ, ಶೂ ಹಳೆಯದೇ.

ಹತ್ತು ಗಂಟೆಗೆ ಅಂದಿದ್ದರು. ಟ್ರಾಫಿಕ್ ಭಯಕ್ಕೆ ಎಂಟೂವರೆಗೇ ಹೋಗಿ ಗೇಟ್ ಹತ್ತಿರ ನಿಂತಿದ್ದೆ. ಒಳಗೆ ಕರೆದದ್ದು ಹನ್ನೆರಡೂ ಕಾಲಿಗೆ. ಇಬ್ಬರಿದ್ದರು. 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಅಂದರು. ಬಾಯಿಪಾಠ ಇರಲಿಲ್ಲ, ಒಂದು ಕಡೆ ನಿಂತೆ, ಆದರೆ ಮತ್ತೆ ಮೊದಲಿಂದ ಶುರು ಮಾಡಲಿಲ್ಲ.

ಪ್ರಾಜೆಕ್ಟ್ ಬಂತು. ನಿಜ ಹೇಳಿದೆ. ಒಬ್ಬರ ಮುಖ ಗಂಟಾಯಿತು. ಆಮೇಲೆ ಹೊಲದ ಫೋಟೋ ಕಥೆ ಹೇಳಿದೆ. ಇಂಗ್ಲಿಷ್‌ನಲ್ಲೇ. ಬೂಷ್ಟಿಗೆ ಇಂಗ್ಲಿಷ್ ಪದ ಹೊಳೆಯಲಿಲ್ಲ, 'ವೈಟ್ ಪೌಡರ್ ಲೈಕ್ ಥಿಂಗ್' ಅಂದೆ. 152 ಫೋಟೋ ವಿಷಯ ಹೇಳಿದಾಗ ಮುಖ ಗಂಟಾದವರು ಪೆನ್ ತೆಗೆದುಕೊಂಡರು. ಅಂಗೈ ಫೋಟೋ ತೋರಿಸಿದೆ, ಇಬ್ಬರೂ ನಕ್ಕರು. ಸರಿ ಮಾಡಬೇಕಾದರೆ ಏನು ಮಾಡುತ್ತೀಯ ಅಂದರು. ನಾಲ್ಕನೇ ಗುಂಪು ಬೇಕು, 'ಬೇರೆ ಏನೋ' ಅಂತ, ಮತ್ತೆ ಹೊಲದ ಫೋಟೋ ಜಾಸ್ತಿ ಬೇಕು ಅಂದೆ. ಅದರ ಮೇಲೇ ಇಪ್ಪತ್ತು ನಿಮಿಷ ಹೋಯಿತು.

ಡೇಟಾಬೇಸ್‌ನಲ್ಲಿ ಮಾತ್ರ ಒದ್ದಾಡಿದೆ. ಇಂಡೆಕ್ಸ್ ಅಂದರೆ ಏನು ಅಂದರು. ಬಳಸಿಲ್ಲ, ಪುಸ್ತಕದ ಹಿಂದಿನ ಪುಟದ ಪದಪಟ್ಟಿಯ ಹಾಗಿರಬಹುದು, ಹುಡುಕಲು ಬೇಗ ಆಗುತ್ತೆ ಅಂದೆ. ಹಾಗಾದರೆ ಎಲ್ಲದಕ್ಕೂ ಯಾಕೆ ಇಂಡೆಕ್ಸ್ ಇಡಲ್ಲ ಅಂದರು. ಗೊತ್ತಾಗಲಿಲ್ಲ.

ಕೌಂಟರ್ ನಂಬರ್ ಮೂರು | ಗುರುವಾರ, ಸಂಜೆ 7:01

ಪ್ರತಿ ಸಲ ಹೊಸ ಸಾಲು ಸೇರಿಸಿದಾಗ ಆ ಪದಪಟ್ಟಿಯನ್ನೂ ತಿದ್ದಬೇಕಲ್ಲ, ಬರೆಯುವುದು ನಿಧಾನ ಆಗುತ್ತೆ. ನನ್ನ ಬಿಇ ಇನ್ನೂ ಪೂರ್ತಿ ಸತ್ತಿಲ್ಲ ನೋಡಿ.

ಮಂಗಳೂರು ಬನ್ಸ್ | ಗುರುವಾರ, ಸಂಜೆ 7:04

ಮುಖ್ಯ ವಿಷಯ ಹೇಳಿ ಮಾರಾಯ್ರೆ. ರಿಸಲ್ಟ್?

ಅರಕಲಗೂಡಿನವ | ಗುರುವಾರ, ಸಂಜೆ 7:10

'ತಿಳಿಸುತ್ತೇವೆ' ಅಂದರು. ಅದೇ ಮಾತು. ಆದರೆ ಈ ಸಲ ಐವತ್ತು ನಿಮಿಷ ಆದಮೇಲೆ ಅಂದರು. ಮತ್ತೆ ಪೆನ್ ಹಿಡಿದಿದ್ದವರು ಹೊಲದ ಫೋಟೋಗಳನ್ನು ಕಳಿಸಲು ಹೇಳಿ ಮೇಲ್ ಐಡಿ ಕೊಟ್ಟಿದ್ದಾರೆ. ಅರವತ್ತನ್ನೂ ಕಳಿಸಲಾ, ಚೆನ್ನಾಗಿರುವುದನ್ನು ಮಾತ್ರವಾ?

ಕೂತು ಕೇಳುವವ | ಗುರುವಾರ, ಸಂಜೆ 7:18

ಅರವತ್ತೂ ಕಳಿಸಿ. ಅಂಗೈಯದ್ದೂ ಸೇರಿಸಿ. ಇವತ್ತೇ ಕಳಿಸಿ.

ಬೈಟು ಕಾಫಿ | ಗುರುವಾರ, ಸಂಜೆ 7:20

12 ಸಾವಿರ ಉಳಿಯಿತಲ್ಲ, ಇಲ್ಲಿ ಎಲ್ಲರಿಗೂ ಕಾಫಿ ಕೊಡಿಸಿ.

ಪೇಡಾ ಪ್ರಿಯ | ಗುರುವಾರ, ರಾತ್ರಿ 8:02

ಅದೆಲ್ಲಾ ಇರಲಿ, ನಿಮ್ಮ ಕಡೆ ಆಲೂಗಡ್ಡಿ ರೇಟ್ ಈಗ ಎಷ್ಟೈತ್ರೀ?

ಅರಕಲಗೂಡಿನವ | ಗುರುವಾರ, ರಾತ್ರಿ 8:05

ಅದೊಂದು ಕೇಳಬೇಡಿ. ಅಪ್ಪ ಫೋನ್ ಮಾಡಿದರೆ ಮೊದಲು ಅದನ್ನೇ ಬೈಯುವುದು.